ಪ್ಲಾಸ್ಟಿಕ್‌ಗೆ ಜೇಡಿಮಣ್ಣು ಬೆರೆಸಿದರೆ ಮುಚ್ಚಳ ಯಾಕೆ ಒಡೆಯುತ್ತೆ?

ಪ್ರಶ್ನೆ: ನಾವು ಪಾಲಿಪ್ರೊಪಿಲೀನ್ (ಪಿಪಿ) ಬಳಸಿ ಡಬ್ಬಿಗಳ ಮುಚ್ಚಳ ಮೋಲ್ಡ್ ಮಾಡುತ್ತೇವೆ. 5% ಜೇಡಿಮಣ್ಣು ಸೇರಿಸಿದರೆ ಪ್ಲಾಸ್ಟಿಕ್ ಎರಡರಷ್ಟು ಬಿಗಿಯಾಗುತ್ತದೆ ಎಂದು ಓದಿದ್ದೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ತಂದು ಮೋಲ್ಡಿಂಗ್ ಯಂತ್ರಕ್ಕೆ ಪ್ಲಾಸ್ಟಿಕ್ ಸುರಿಯುವ ಹಾಪರ್‌ಗೇ ಹಾಕಿದೆವು. ಮುಚ್ಚಳದ ಮೈಮೇಲೆ ಬೆಳ್ಳಿ ಗೆರೆ, ಅಲ್ಲಲ್ಲಿ ಕಂದು ಚುಕ್ಕೆ. ಕೈಜಾರಿ ಬಿದ್ದರೆ ಅಂಚು ಒಡೆಯುತ್ತದೆ. ಎಲ್ಲಿ ತಪ್ಪಿದೆವು? ಮುಚ್ಚಳ ಬಿಗಿಯಾಗಬೇಕು, ಖರ್ಚೂ ಇಳಿಯಬೇಕು.

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಆದರೆ ಅದು ನೈಲಾನ್ ಕತೆ. 1980ರ ದಶಕದ ಕೊನೆಗೆ ಜಪಾನಿನ ಟೊಯೋಟಾ ಸಂಶೋಧಕರು ನೈಲಾನ್-6ಕ್ಕೆ 5%ಗಿಂತ ಕಡಿಮೆ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಸೇರಿಸಿದರು. ಬಿಗಿತ ಹತ್ತಿರಹತ್ತಿರ ಎರಡರಷ್ಟಾಯಿತು. ಭಾರ ಹೊತ್ತಾಗ ಬಾಗಲು ಶುರುವಾಗುವ ಬಿಸಿ 65 ಡಿಗ್ರಿ ಸೆಲ್ಸಿಯಸ್‌ನಿಂದ 150 ದಾಟಿತು. ನಿಮ್ಮ ಬೆಂಟೊನೈಟ್‌ನಲ್ಲಿರುವುದೂ ಮುಖ್ಯವಾಗಿ ಇದೇ ಖನಿಜ.

ಹಾಗಾದರೆ ವ್ಯತ್ಯಾಸ ಎಲ್ಲಿ? ಈ ಖನಿಜದ ಒಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್. ಪುಡಿ ಎಷ್ಟೇ ನುಣ್ಣಗಿದ್ದರೂ ಒಂದೊಂದು ಕಣದಲ್ಲೂ ಇಂಥ ಹಾಳೆಗಳು ಒದ್ದೆ ಕಾಗದದ ಕಟ್ಟಿನಂತೆ ಅಂಟಿಕೊಂಡಿರುತ್ತವೆ. ನಡುವೆ ಸೋಡಿಯಂ ಅಯಾನು, ನೀರು. ಟೊಯೋಟಾದವರು ಮಣ್ಣನ್ನು ಮೊದಲು ರಾಸಾಯನಿಕವಾಗಿ ಹದಗೊಳಿಸಿ, ನೈಲಾನ್ ತಯಾರಾಗುವ ಕಚ್ಚಾ ವಸ್ತುವನ್ನೇ ಹಾಳೆಗಳ ನಡುವೆ ನುಗ್ಗಿಸಿದರು. ನೈಲಾನ್ ಅಲ್ಲೇ ಬೆಳೆಯಿತು, ಹಾಳೆಗಳು ಬಿಡಿಬಿಡಿಯಾದವು. ಬಿಗಿತ ಬಂದದ್ದು ಅದರಿಂದ, ಸುಮ್ನೆ ಮಣ್ಣು ಬಿದ್ದಿದ್ದರಿಂದಲ್ಲ.

ಪಿಪಿಗೆ ನೀರು ಕಂಡರಾಗದು, ಬೆಂಟೊನೈಟ್‌ಗೆ ನೀರೇ ಇಷ್ಟ. ಎರಡೂ ಬೆರೆಯುವುದಿಲ್ಲ. ಮಣ್ಣು ಗಂಟಾಗಿಯೇ ಉಳಿಯುತ್ತದೆ, ಪೆಟ್ಟು ಬಿದ್ದಾಗ ಬಿರುಕು ಆ ಗಂಟಿನಿಂದಲೇ ಹೊರಡುತ್ತದೆ. ಬೆಳ್ಳಿ ಗೆರೆ ಮಣ್ಣಿನ ನೀರು ಪ್ಲಾಸ್ಟಿಕ್ ಕರಗುವ ಬ್ಯಾರೆಲ್‌ನ ಬಿಸಿಗೆ ಹಬೆಯಾದ ಗುರುತು. ಕಂದು ಚುಕ್ಕೆ ಬಹುಶಃ ಹರಡದೆ ಉಳಿದ ಗಂಟು. ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ದರೆ ಬಣ್ಣ ಕೆಡುತ್ತದೆ, ಪಿಪಿ ಬೇಗ ಹಳತಾಗುವ ಅಪಾಯವೂ ಇದೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಅಮೋನಿಯಂ ಲವಣದಿಂದ ಹದಗೊಳಿಸಿದ ಆರ್ಗ್ಯಾನೋಕ್ಲೇ ಸಿಗುತ್ತದೆ. ಅದರ ಜೊತೆ, ಮಣ್ಣು-ಪಿಪಿ ಎರಡನ್ನೂ ಬೆಸೆಯಲು, ಮಲೇಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕ ಜೋಡಿಸಿದ ಪಿಪಿ ಬೇಕು, ಬೆರೆಸಲು ಜೋಡಿ ತಿರುಪಿನ ಯಂತ್ರ (ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್) ಬೇಕು. ಆ ಲವಣವೋ 200 ಡಿಗ್ರಿ ಆಸುಪಾಸಿನಲ್ಲೇ ಒಡೆಯಲು ಶುರು. ಪಿಪಿ ಕರಗಿಸುವುದೂ ಅದೇ ಬಿಸಿಯಲ್ಲಿ ಅಲ್ವಾ? ಇಷ್ಟೆಲ್ಲ ಮಾಡಿದರೂ ನೈಲಾನ್‌ನಲ್ಲಿ ಬಂದಷ್ಟು ಲಾಭ ಪಿಪಿಯಲ್ಲಿ ಬರುವುದು ಕಷ್ಟ. ಒಂದು ಮುಚ್ಚಳಕ್ಕೆ ಇಷ್ಟು ಪಾಡು ಬೇಡ ಎಂಬುದು ನನ್ನ ಅಭಿಪ್ರಾಯ.

ನಿಮಗೆ ಟಾಲ್ಕ್ (ಮೆದು ಖನಿಜದ ಪುಡಿ) ಅಥವಾ ಕೇಯೋಲಿನ್ (ಬಿಳಿ ಜೇಡಿಮಣ್ಣು) ಸಾಕು. ಮಾಸ್ಟರ್‌ಬ್ಯಾಚ್ ರೂಪದಲ್ಲೇ, ಅಂದರೆ ಮೊದಲೇ ಪ್ಲಾಸ್ಟಿಕ್‌ನಲ್ಲಿ ಗಾಢವಾಗಿ ಬೆರೆಸಿದ ಕಾಳುಗಳಾಗಿಯೇ ತನ್ನಿ, ಪುಡಿ ಬೇಡ. ಬರೀ ಬಿಗಿತ ಬೇಕಿದ್ದರೆ ಟಾಲ್ಕ್ ಮೇಲು, ಅದರ ಕಣ ಚಪ್ಪಟೆ. ಪೆಟ್ಟು ತಾಳುವ ಗುಣ ಇದರಲ್ಲೂ ಸ್ವಲ್ಪ ಇಳಿಯುತ್ತದೆ, ಆದ್ದರಿಂದ ಬರೀ ಪಿಪಿಯ ಹೋಮೋಪಾಲಿಮರ್ ಬದಲು ಪೆಟ್ಟು ತಾಳುವಂತೆ ಮಾಡಿದ ಇಂಪ್ಯಾಕ್ಟ್ ಕೋಪಾಲಿಮರ್ ಗ್ರೇಡ್ ನೋಡಿ.

ಇನ್ನು ಖರ್ಚು. ಇಲ್ಲಿ ತುಂಬಾ ಜನ ಎಡವುತ್ತಾರೆ. ಪಿಪಿ ಸಾಂದ್ರತೆ (ಒಂದು ಘನ ಸೆಂ.ಮೀ.ಗೆ ಎಷ್ಟು ಗ್ರಾಂ) 0.9, ಕೇಯೋಲಿನ್‌ದು 2.6. ತೂಕದ ಲೆಕ್ಕದಲ್ಲಿ 20% ಕೇಯೋಲಿನ್ ಹಾಕಿದರೆ ಮಿಶ್ರಣದ್ದು ಸುಮಾರು 1.035. ಮೋಲ್ಡ್ ಅದೇ, ಹಾಗಾಗಿ 100 ಗ್ರಾಂ ಮುಚ್ಚಳ ಈಗ 115 ಗ್ರಾಂ ತೂಗುತ್ತದೆ. ಅದರಲ್ಲಿ ಪಿಪಿ 92 ಗ್ರಾಂ. ಪಿಪಿಯಲ್ಲಿ ಉಳಿತಾಯವಾದದ್ದು 20 ಗ್ರಾಂ ಅಲ್ಲ, ಬರೀ 8 ಗ್ರಾಂ! ಆ 8 ಗ್ರಾಂ ಉಳಿಸಲು 23 ಗ್ರಾಂ ಕೇಯೋಲಿನ್ ಕೊಳ್ಳಬೇಕು, ಬೆರೆಸುವ ಕೂಲಿ ಬೇರೆ. ಬಿಗಿತ ಹೆಚ್ಚಿದ್ದರಿಂದ ಮುಚ್ಚಳದ ಗೋಡೆ ತೆಳು ಮಾಡಲು ಸಾಧ್ಯವಾದರೆ ಮಾತ್ರ ನಿಜವಾದ ಉಳಿತಾಯ. ಅದಕ್ಕೆ ಮೋಲ್ಡ್ ಬದಲಿಸಬೇಕು. ಕಿಲೋ ದರ ಬಿಟ್ಟು ಪೀಸ್ ದರ ಹಾಕಿ ನೋಡಿ, ಆಮೇಲೆ ಆರ್ಡರ್ ಕೊಡಿ.

ಪ್ರಶ್ನೆ: ಪ್ಯಾಕಿಂಗ್ ಫಿಲ್ಮ್‌ಗೆ ಜೇಡಿಮಣ್ಣು ಹಾಕಿದರೆ ಆಮ್ಲಜನಕ ಒಳಗೆ ನುಸುಳುವುದು ತಗ್ಗುತ್ತದಂತೆ, ಹೌದಾ?

ಉತ್ತರ: ಹೌದು, ಮಣ್ಣಿನ ಹಾಳೆಗಳು ಬಿಡಿಬಿಡಿಯಾಗಿ ಫಿಲ್ಮ್‌ಗೆ ಸಮಾನಾಂತರವಾಗಿ ಮಲಗಿದ್ದರೆ. ಅನಿಲ ಅವುಗಳ ಮೂಲಕ ಹೋಗಲಾರದು, ಸುತ್ತಿ ಬಳಸಿ ಬರಬೇಕು. ದಾರಿ ಉದ್ದವಾದಷ್ಟೂ ಒಳಬರುವುದು ಕಡಿಮೆ. ನೈಲಾನ್ ಫಿಲ್ಮ್‌ನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನೈಲಾನ್ ಗಾಳಿಯ ತೇವ ಹೀರುತ್ತದೆ, ಎಕ್ಸ್‌ಟ್ರೂಡರ್‌ಗೆ ಹಾಕುವ ಮುನ್ನ ಚೆನ್ನಾಗಿ ಒಣಗಿಸಿ.