ಕೋಶಕೇಂದ್ರ ಹುಡುಕಿದರೆ ಪಿಷ್ಟ ಸಿಗುತ್ತಿದೆ

ಪ್ರಶ್ನೆ: ಗೋವಿನಜೋಳದ ಬೆಳೆಯುತ್ತಿರುವ ಕಾಳಿನ ಕೋಶಕೇಂದ್ರದಲ್ಲಿ ಯಾವ ಪ್ರೋಟೀನ್‌ಗಳಿವೆ ಎಂದು ನೋಡಬೇಕಿದೆ. ಪರಾಗಸ್ಪರ್ಶವಾಗಿ 20 ದಿನವಾದ ಕಾಳನ್ನು ಅರೆದು, ಎಲೆಗೆ ಬಳಸುವ 1.7 ಮೋಲಾರ್ ಸುಕ್ರೋಸ್ ವಿಧಾನ ಅನುಸರಿಸಿದೆ. ತಳದಲ್ಲಿ ಬೆಳ್ಳಗೆ ಗಟ್ಟಿ ಕೂರುತ್ತದೆ. ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ 19 ಮತ್ತು 22 ಕಿಲೋಡಾಲ್ಟನ್ ಹತ್ತಿರ ದಪ್ಪ ಪಟ್ಟಿಗಳು ಬಂದಿವೆ, ಕೋಶಕೇಂದ್ರದಲ್ಲಿ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್ ಕಾಣುತ್ತಿಲ್ಲ. ಏನು ತಪ್ಪಾಗಿದೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ತಳದಲ್ಲಿ ಕೂತಿರುವುದು ಬಹುಪಾಲು ಪಿಷ್ಟ. ಆ ಎರಡು ಪಟ್ಟಿಗಳು ಕಾಳಿನ ಸಂಗ್ರಹ ಪ್ರೋಟೀನ್ ಆದ ಝೀನ್. ಎಲೆಯಲ್ಲಿ ಈ ವಿಧಾನ ನಡೆಯುತ್ತದೆ, ಏಕೆಂದರೆ 1.7 ಮೋಲಾರ್ ಸುಕ್ರೋಸ್‌ನಲ್ಲಿ ಕೋಶಕೇಂದ್ರ ಮುಳುಗುತ್ತದೆ, ಹರಿತ್ತಿನ ಚೂರುಗಳು ಮೇಲೆ ಉಳಿಯುತ್ತವೆ. ಕಾಳಿನ ಪಿಷ್ಟದ ಸಾಂದ್ರತೆ ಮಿ.ಲೀ.ಗೆ ಸುಮಾರು 1.5 ಗ್ರಾಂ. ಅದು ಕೋಶಕೇಂದ್ರಕ್ಕಿಂತ ಭಾರ, ಹಾಗಾಗಿ ಜೊತೆಗೇ ಇಳಿದು ಕೂರುತ್ತದೆ.

ಮೊದಲು ವಯಸ್ಸು ಬದಲಿಸಿ. ಪರಾಗಸ್ಪರ್ಶದ ನಂತರ ಮೂರು ನಾಲ್ಕನೆಯ ದಿನದ ಹೊತ್ತಿಗೆ ಎಂಡೋಸ್ಪರ್ಮ್‌ನಲ್ಲಿ (ಕಾಳಿನೊಳಗೆ ಆಹಾರ ಕೂಡಿಡುವ ಭಾಗ) ಕೋಶಗೋಡೆಗಳು ಮೂಡುತ್ತವೆ. ಪಿಷ್ಟ ತುಂಬುವುದು ಜೋರಾಗುವುದು 10–12 ದಿನಗಳ ಆಸುಪಾಸಿನಲ್ಲಿ. 8ರಿಂದ 12 ದಿನದ ಹಾಲುಗಾಳು ತೆಗೆದುಕೊಳ್ಳಿ, ತೆನೆಯ ನಡುಭಾಗದ್ದು ಮಾತ್ರ. ತುದಿಯ ಕಾಳು ಎಳೆಯದಾಗಿರುತ್ತದೆ. ಸಿಪ್ಪೆ, ಮೊಳಕೆ ಬಿಡಿಸಿ ಹಾಕಿ. ಇಲ್ಲವಾದರೆ ಎಂಡೋಸ್ಪರ್ಮ್‌ನ ಮೂರು ಗುಂಪು ವರ್ಣತಂತುಗಳ ಕೋಶಕೇಂದ್ರದೊಂದಿಗೆ ಸಿಪ್ಪೆ, ಮೊಳಕೆಗಳ ಎರಡು ಗುಂಪಿನವೂ ಬೆರೆಯುತ್ತವೆ.

ಹೊಸ ಬ್ಲೇಡಿನಿಂದ ಮಂಜುಗಡ್ಡೆಯ ಮೇಲೆ ಸಣ್ಣಗೆ ಹೆಚ್ಚಿ, ಅರೆಯಬೇಡಿ. ಈ ವಯಸ್ಸಿನಿಂದ ನಡುವಿನ ಕೋಶಗಳು ವಿಭಜನೆಯಾಗದೆ ಡಿಎನ್‌ಎ ಮಾತ್ರ ಮತ್ತೆ ಮತ್ತೆ ಇಮ್ಮಡಿಸಿಕೊಳ್ಳುತ್ತವೆ. ಅವುಗಳ ದೊಡ್ಡ ಕೋಶಕೇಂದ್ರ ಅರೆದರೆ ಸುಲಭವಾಗಿ ಒಡೆಯುತ್ತದೆ. ಬಫರ್‌ನಲ್ಲಿ 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಇರಲಿ, ಪೊರೆ ಕರಗಿಸುವ ಮಾರ್ಜಕವಾದ ಟ್ರೈಟಾನ್ ಶೇ. 0.5 ಮೀರದಿರಲಿ. ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ಪಿಎಂಎಸ್‌ಎಫ್ ಅನ್ನು ಹೆಚ್ಚುವ ಕ್ಷಣಕ್ಕೆ ಮೊದಲು ಸೇರಿಸಿ. ನೀರಿನಲ್ಲಿ ಅದು ಬೇಗ ನಿಷ್ಕ್ರಿಯವಾಗುತ್ತದೆ.

ಸೋಸಿದ ಮೇಲೆ 2.3 ಮೋಲಾರ್ ಸುಕ್ರೋಸ್ ಮೇಲೆ ಶೇ. 60ರ ಪರ್ಕಾಲ್ (ಸಾಂದ್ರತೆಯಂತೆ ಬೇರ್ಪಡಿಸಲು ಬಳಸುವ ಸಿಲಿಕಾ ಕಣಗಳ ದ್ರವ) ಪದರ ಹಾಕಿ, ಅದರ ಮೇಲೆ ಸೋಸಿದ ದ್ರವ ಸುರಿದು, 4 ಡಿಗ್ರಿಯಲ್ಲಿ 3,200 ಜಿ (ಗುರುತ್ವದ 3,200 ಪಟ್ಟು) ಬಲದಲ್ಲಿ ಅರ್ಧ ಗಂಟೆ ತಿರುಗಿಸಿ. ಪಿಷ್ಟದ ದೊಡ್ಡ ಹರಳು ಕೆಳಗಿಳಿಯುತ್ತದೆ, ಕೋಶಕೇಂದ್ರಗಳು ಸುಕ್ರೋಸ್‌ನ ಮೇಲೆ ಉಳಿಯುತ್ತವೆ. ಯಂತ್ರದ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅನ್ನೇ ಜಿ ಎಂದುಕೊಳ್ಳುವ ತಪ್ಪು ಬಹಳ ಕಡೆ ಆಗುತ್ತದೆ: 8 ಸೆಂ.ಮೀ. ತ್ರಿಜ್ಯದ ರೋಟರ್‌ನಲ್ಲಿ 3,200 ಜಿ ಬರಬೇಕಾದರೆ ಸುಮಾರು 6,000 ಆರ್‌ಪಿಎಂ ಬೇಕು.

ಪ್ರತಿ ಪದರದ ಒಂದು ಹನಿಗೆ ಡಿಎನ್‌ಎ ಹೊಳೆಯಿಸುವ ಡ್ಯಾಪಿ ಬಣ್ಣ, ಇನ್ನೊಂದಕ್ಕೆ ಪಿಷ್ಟ ತೋರಿಸುವ ಅಯೋಡಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಇದನ್ನು ದಯವಿಟ್ಟು ಬಿಡಬೇಡಿ. ಪ್ರೋಟೀನ್ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಖರ್ಚು ಮಾಡಿದ ಮೇಲೆ ಬರೀ ಝೀನ್ ಸಿಕ್ಕರೆ ಆ ಋತುವಿನ ತೆನೆ ವ್ಯರ್ಥ. ಝೀನ್ ಇನ್ನೂ ಉಳಿದಿದ್ದರೆ ಆಶ್ಚರ್ಯವಿಲ್ಲ. ಅದು ತುಂಬಿಕೊಳ್ಳುವ ಎಂಡೋಪ್ಲಾಸ್ಮಿಕ್ ಜಾಲವು ಕೋಶಕೇಂದ್ರದ ಹೊರಪೊರೆಗೇ ಅಂಟಿಕೊಂಡಿದೆ; ಟ್ರೈಟಾನ್ ಇರುವ ಬಫರ್‌ನಲ್ಲಿ ಇನ್ನೊಮ್ಮೆ ತೊಳೆಯಿರಿ.

ಪ್ರೋಟೀನ್ ತೆಗೆಯುವ ರೀತಿ ನಿಮಗೆ ಬೇಕಾದದ್ದನ್ನು ಅವಲಂಬಿಸಿದೆ. ಹಿಸ್ಟೋನ್‌ಗೆ 0.4 ನಾರ್ಮಲ್ ಗಂಧಕಾಮ್ಲ ಸರಿ. 22 ಕಿಲೋಡಾಲ್ಟನ್ ಝೀನ್‌ನ ವಂಶವಾಹಿಗಳನ್ನು ಚಾಲೂ ಮಾಡುವ ಒಪೇಕ್-2 ಪ್ರೋಟೀನ್ (ಇದರ ದೋಷವಿರುವ ಗೋವಿನಜೋಳದಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಹೆಚ್ಚೆಂದು 1964ರಲ್ಲಿ ತಿಳಿಯಿತು) ಬೇಕಿದ್ದರೆ ಆಮ್ಲ ಬೇಡ, 0.4 ಮೋಲಾರ್ ಉಪ್ಪಿನ ಬಫರ್‌ನಿಂದ ಆರಂಭಿಸಿ. ಒಪೇಕ್-2 ಕಾಣಿಸಿಕೊಳ್ಳುವುದು ಸುಮಾರು ಹತ್ತನೆಯ ದಿನದಿಂದ. 8 ದಿನದ ಕಾಳಿನಲ್ಲಿ ಹುಡುಕಬೇಡಿ.