ಹಳೇ ಬುಲೆಟ್‌ನಲ್ಲಿ ಆಯಿಲ್ ಸೋರುವುದನ್ನು ನಿಲ್ಲಿಸುವುದು ಹೇಗೆ?

ಪುಣೆಯ ಕೋಥ್ರೂಡ್‌ನಲ್ಲಿದ್ದೀರಿ, ಅಪ್ಪನ 1986ರ ಬುಲೆಟ್ ನಿಲ್ಲಿಸಿದಲ್ಲೆಲ್ಲ ಎಣ್ಣೆ ಕಲೆ, ಮೆಕ್ಯಾನಿಕ್ ಇಂಜಿನ್ ಪೂರ್ತಿ ಬಿಚ್ಚಬೇಕು ಅಂತಿದ್ದಾನೆ, ಅಲ್ವಾ? ಅಷ್ಟು ಅವಸರ ಬೇಡ.

ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ. ಸಿಂಹಗಡ ರಸ್ತೆಯಲ್ಲಿ ಒಂದು ರೌಂಡ್ ಹೋಗಿ ಬನ್ನಿ. ಪೌಡರ್ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಮುಂದಿನದು ಯಾವುದೋ ಅದೇ ಸೋರಿಕೆ. ಹನಿ ಬೀಳುವ ಜಾಗ ನೋಡಿ ಮೋಸ ಹೋಗಬೇಡಿ. ಗಾಳಿಗೆ ಆಯಿಲ್ ಹಿಂದಕ್ಕೆ ಹರಿಯುತ್ತದೆ.

ಹಲವು ಕಡೆ ಒಟ್ಟಿಗೆ ಜಿನುಗುತ್ತಿದ್ದರೆ ನನ್ನ ಅನುಮಾನ ಬ್ರೀದರ್ ಮೇಲೆ, ಅಂದರೆ ಇಂಜಿನ್ ಒಳಗಿನ ಗಾಳಿ ಹೊರಹೋಗುವ ದಾರಿಯ ಮೇಲೆ. ಅದರಲ್ಲಿ ಬಾತುಕೋಳಿ ಕೊಕ್ಕಿನಂಥ ರಬ್ಬರ್ ವಾಲ್ವ್ ಇರುತ್ತದೆ. ಗಾಳಿಯನ್ನು ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ಅದು ಗಟ್ಟಿಯಾದರೆ, ಇಲ್ಲವೇ ಕಟ್ಟಿಕೊಂಡರೆ, ಕ್ರ್ಯಾಂಕ್‌ಕೇಸಿನಲ್ಲಿ (ಇಂಜಿನ್ನಿನ ಕೆಳಭಾಗದ ಪೆಟ್ಟಿಗೆಯಲ್ಲಿ) ಒತ್ತಡ ಏರಿ ಸಿಕ್ಕ ಸಂದಿಯಿಂದೆಲ್ಲ ಆಯಿಲ್ ಹೊರಗೆ ಬರುತ್ತದೆ. ಆಗ ಸಂದಿ ಮುಚ್ಚುವ ಗ್ಯಾಸ್ಕೆಟ್ ಎಷ್ಟು ಸಲ ಬದಲಿಸಿದರೂ ಸುಮ್ನೆ ಖರ್ಚು. ನಾನಾ ಪೇಠೆಯ ಸ್ಪೇರ್ ಅಂಗಡಿಗಳಲ್ಲಿ ವಾಲ್ವ್ ಕೇಳಿ ನೋಡಿ.

ಎಡಗಡೆ ಚೈನ್‌ಕೇಸ್ (ಇಂಜಿನ್ನಿನಿಂದ ಕ್ಲಚ್‌ಗೆ ಹೋಗುವ ಚೈನಿನ ಪೆಟ್ಟಿಗೆ) ಸೋರುತ್ತಿದ್ದರೆ ರಬ್ಬರ್ ಸೀಲ್ ಬದಲಿಸಿ. ಆ ಮುಚ್ಚಳವನ್ನು ಹಿಡಿದಿರುವುದು ನಡುವಿನ ಒಂದೇ ನಟ್. ಜಾಸ್ತಿ ಬಿಗಿದರೆ ಮುಚ್ಚಳ ಬಾಗಿ ಇನ್ನೂ ಸೋರುತ್ತದೆ.

ಸೋರಿಕೆ ಮುಚ್ಚಲು ಸಿಲಿಕೋನ್ ಅಂಟು ಮೆತ್ತಲು ಮಾತ್ರ ಯಾರಿಗೂ ಬಿಡಬೇಡಿ. ಒಳಗೆ ಉದುರಿದ ಚೂರು ಆಯಿಲ್ ದಾರಿಯನ್ನೇ ಮುಚ್ಚಬಹುದು.