ಅರಿಸಾಕದ ಸ್ಟಾಕ್ ಉಜ್ಜುವ ಮುನ್ನ

ಮೊದಲು ಆ ಉಪ್ಪುಕಾಗದವನ್ನು ಕೆಳಗಿಡಿ. ಅರಿಸಾಕ ಎಂದರೆ ಜಪಾನಿ ಸೇನೆಯ ಹಳೆಯ ರೈಫಲ್, ಸ್ಟಾಕ್ ಅದರ ಮರದ ಒಡಲು, ಬಟ್ ಭುಜಕ್ಕೆ ಒತ್ತುವ ಹಿಂತುದಿ. ‘ನನ್ನ ಟೈಪ್ 99 ಅರಿಸಾಕದ ಬಟ್‌ನಲ್ಲಿ ಉದ್ದಕ್ಕೆ ಬಿರುಕಿದೆ, ಅಂಟು ಹಾಕಿ ಉಜ್ಜಿ ಅಗಸೆ ಎಣ್ಣೆ ಹಚ್ಚುತ್ತೇನೆ’ ಎಂದು ಬರೆದಿದ್ದೀರಿ. ಅದು ಬಿರುಕಲ್ಲ, ಜೋಡಣೆ. ಬಟ್‌ನ ಕೆಳತುಂಡನ್ನು ಬೇರೆ ಮರದಲ್ಲಿ ಮಾಡಿ ಕೂರಿಸುವುದು ಜಪಾನಿನ ಶಸ್ತ್ರಾಗಾರಗಳ ರೂಢಿಯಾಗಿತ್ತು. ಹಾಗಾಗಿ ಕಿರಿದಾದ ಹಲಗೆಯಲ್ಲೂ ಸ್ಟಾಕ್ ಆಗುತ್ತಿತ್ತು. ಹೀಟರ್ ಉರಿಯುವ ಮನೆಯಲ್ಲಿ ಮರ ಒಣಗಿ ಆ ಗೆರೆ ಬಾಯಿ ಬಿಡುತ್ತದೆ. ಬಿಡಲಿ.

ಮೇಲಿನ ಮಾಸಲು ಲೇಪವೇ ಉರುಶಿ, ಮರದ ಹಾಲಿನಿಂದ ಮಾಡಿದ ಅರಗು. ಒಮ್ಮೆ ಉಜ್ಜಿದರೆ ಮರಳಿ ಬರುವುದಿಲ್ಲ. ನಾನೊಂದು ಟೈಪ್ 38 ಅರಿಸಾಕವನ್ನು ಹೀಗೆಯೇ ಹೊಳೆಯಿಸಿ ಕೆಡಿಸಿದ್ದೇನೆ, ಅದರ ಮಾತು ಸಾಕು. ಹಳೆಯ ಪಂಚೆಯ ತುಂಡನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಬಟ್ ತಟ್ಟೆಯ ಅಡಿಯಲ್ಲಿ ಮೊದಲು ಪರೀಕ್ಷಿಸಿ. ಬಟ್ಟೆ ಕಪ್ಪಾದರೆ ಅದು ಕೊಳೆ. ಕೆಂಗಂದು ಬಂದರೆ ನಿಲ್ಲಿಸಿ, ಅದು ಲೇಪ. ಒಣಗಿದ ಮೇಲೆ ಬೆರಳ ತುದಿಯಷ್ಟು ರೆನೈಸಾನ್ಸ್ ಮೇಣ (ಸಂಗ್ರಹಾಲಯಗಳಲ್ಲಿ ಬಳಸುವ ರಕ್ಷಕ ಮೇಣ) ಸವರಿ, ಕೆಲವು ನಿಮಿಷ ಬಿಟ್ಟು ಒರೆಸಿ. ದುಬಾರಿ ನಿಜ, ಆದರೆ ಡಬ್ಬಿ ವರ್ಷಗಟ್ಟಲೆ ಬರುತ್ತದೆ. ಡಬ್ಲ್ಯೂಡಿ-40 ಸ್ಪ್ರೇಯನ್ನು ಮರದ ಹತ್ತಿರ ತರಬೇಡಿ, ಕಬ್ಬಿಣಕ್ಕೂ ನಾನು ಹಾಕುವುದಿಲ್ಲ. ಕಿಟಕಿಯ ಬಿಸಿಲಿಗೆ ತೂಗುಹಾಕುವುದೂ ಬೇಡ, ಉರುಶಿಗೆ ಬಿಸಿಲು ಶತ್ರು. ಸ್ಕ್ರೂಗಳ ಸೀಳು ಸಪೂರ. ಮನೆಯ ಸ್ಕ್ರೂಡ್ರೈವರ್ ಜಾರಿ ಗೀರು ಮೂಡಿಸುತ್ತದೆ, ತುದಿಯನ್ನು ಅಳತೆಗೆ ಸಾಣೆ ಹಿಡಿದ ಮೇಲಷ್ಟೇ ಮುಟ್ಟಿ.

ಅಳಿಸಿದ ಸೇವಂತಿಗೆಯನ್ನು ಮತ್ತೆ ಕೆತ್ತಿಸುತ್ತೀರಂತೆ! ಜಪಾನ್ ಚಕ್ರವರ್ತಿಯ ಆ 16 ದಳದ ಮುದ್ರೆಯನ್ನು 1945ರ ಶರಣಾಗತಿಯ ಹೊತ್ತಿನಲ್ಲಿ ಉಜ್ಜಿ ತೆಗೆದದ್ದೇ ನಿಮ್ಮ ಬಂದೂಕಿನ ಚರಿತ್ರೆ. ಮುದ್ರೆ ಉಳಿದವು ಬಹುಮಟ್ಟಿಗೆ ರಣರಂಗದಲ್ಲಿ ವಶಪಡಿಸಿಕೊಂಡವು. ಹೊಸದಾಗಿ ಕೆತ್ತಿಸಿದರೆ ಎರಡೂ ಅಲ್ಲದ್ದಾಗುತ್ತದೆ, ಬೆಲೆಯೂ ಇಳಿಯುತ್ತದೆ.

ಗುಂಡು ಹಾರಿಸುವ ಯೋಚನೆ ಇದ್ದರೆ ಮೊದಲು ನಳಿಕೆಯೊಳಗೆ ಬೆಳಕು ಬಿಟ್ಟು ನೋಡಿ. ಸುರುಳಿ ಗೆರೆಗಳೇ ಇಲ್ಲದೆ ನುಣುಪಾಗಿದ್ದರೆ ಅದು ತರಬೇತಿಯ ಬಂದೂಕು, ಗುಂಡಿಲ್ಲದ, ಸದ್ದಿನ ತೋಟಾಗಳಿಗೆ ಮಾತ್ರ. ನಿಜವಾದ ತೋಟಾ ಹಾಕಿದರೆ ಮುಖಕ್ಕೇ ಸಿಡಿಯಬಹುದು. ಗೆರೆಗಳಿದ್ದರೂ ತೋಟಾ ಕೂರುವ ಛೇಂಬರಿನ ಅಚ್ಚು ತೆಗೆಸಿ. ಯುದ್ಧದ ನಂತರ ಅಮೆರಿಕದಲ್ಲಿ ಎಷ್ಟೋ 7.7 ಮಿ.ಮೀ. ಅರಿಸಾಕಗಳನ್ನು ಅಮೆರಿಕದ .30-06 ತೋಟಾಕ್ಕೂ, 6.5 ಮಿ.ಮೀ.ನವನ್ನು 6.5ಕ್ಕೆ ಬಾಯಿ ಹಿಗ್ಗಿಸಿದ .257 ರಾಬರ್ಟ್ಸ್‌ಗೂ ಕೊರೆಸಿದ್ದಾರೆ, ಹೊರಗಿನಿಂದ ಏನೂ ತಿಳಿಯುವುದಿಲ್ಲ. ತೋಟಾ ಕೊಳ್ಳುವುದಾದರೆ ನಾರ್ಮಾ ಕಂಪನಿಯದು. ಅದರ ಹಿತ್ತಾಳೆಯ ಕವಚಕ್ಕೆ ಮತ್ತೆ ಮದ್ದು, ಗುಂಡು ತುಂಬಬಹುದು. ಮಾರುವವರು ‘ಹಾರುತ್ತದೆ, ನಂಬಿ’ ಎಂದರೆ ನಂಬಬೇಡಿ.

ಬೋಲ್ಟ್‌ನ (ತೋಟಾವನ್ನು ಒಳಕ್ಕೆ ತಳ್ಳುವ ಸರಳಿನ) ಸಂಖ್ಯೆ ಕಾಣುವಂತೆ, ಅದು ಕೂರುವ ಉಕ್ಕಿನ ಭಾಗವಾದ ರಿಸೀವರಿನ ಎಡಬದಿಯ ಗುರುತುಗಳೂ ಸ್ಪಷ್ಟವಾಗಿರುವಂತೆ ಒಂದು ಚಿತ್ರ ಹಾಕಿ. ಕೊಕುರ ಶಸ್ತ್ರಾಗಾರದ್ದೋ ನಗೋಯ ಶಸ್ತ್ರಾಗಾರದ್ದೋ ಅಲ್ಲಿಂದ ಹೇಳಬಹುದು. ಅಂಟಿನ ಬಾಟಲಿ ಮುಚ್ಚಿಡಿ.